ಗೋಲಿ ಹೊರಟ ವೇಗ ತಿಳಿಯೋಕೆ ಸ್ಟಾಪ್‌ವಾಚ್ ಬೇಡ, ಟೇಪು ಸಾಕು

ಮೇಜಿನ ಮೇಲಿಂದ ಸ್ಪ್ರಿಂಗ್ ಗನ್ನಲ್ಲಿ 45 ಡಿಗ್ರಿಗೆ ಗೋಲಿ ಹಾರಿಸಿ ಅದು ಹೊರಟ ವೇಗ ಹಿಡಿಯಬೇಕು, ಯಾವ ಸ್ಟಾಪ್‌ವಾಚ್ ಆ್ಯಪ್ ಒಳ್ಳೇದು ಅಂತ ಕೇಳಿದ್ದೀರಿ. ಸಾಗರದಲ್ಲಿ ಪಿಯುಸಿ ಓದುವಾಗ ನನಗೂ ಇದೇ ಪ್ರಶ್ನೆ ಇತ್ತು. ಯಾವ ಆ್ಯಪೂ ಬೇಡ. 80 ಸೆಂ.ಮೀ. ಬೀಳೋಕೆ ಗೋಲಿಗೆ ಬೇಕಾಗೋದು 0.4 ಸೆಕೆಂಡ್, ಕಣ್ಣು ನೋಡಿ ಬೆರಳು ಒತ್ತೋದರಲ್ಲೇ 0.2 ಸೆಕೆಂಡ್ ಹೋಗಿರುತ್ತೆ.

45 ಡಿಗ್ರಿಯನ್ನೂ ಬಿಡಿ. ಎಲ್ಲರೂ ಎಡವೋದು ಅಲ್ಲೇ. ವ್ಯಾಪ್ತಿಯನ್ನು (ಗೋಲಿ ಹೋಗಿ ಬಿದ್ದ ದೂರ) 9.8ರಿಂದ (ಗುರುತ್ವ ವೇಗೋತ್ಕರ್ಷ) ಗುಣಿಸಿ, sin 2θ ಇಂದ (θ ಅಂದರೆ ಹಾರಿಸಿದ ಕೋನ) ಭಾಗಿಸಿ, ವರ್ಗಮೂಲ ತೆಗೆಯೋ ಸೂತ್ರ ಬಾಯಿಪಾಠ ಇರುತ್ತೆ. ಆದರೆ ಗೋಲಿ ಹೊರಟ ಮಟ್ಟಕ್ಕೇ ಬಂದು ಬಿದ್ದರೆ ಮಾತ್ರ ಅದು ಸರಿ. ನಿಮ್ಮದು ಮೇಜಿಂದ ಹೊರಟು ನೆಲಕ್ಕೆ ಬೀಳುತ್ತೆ. ಸೆಕೆಂಡಿಗೆ 4 ಮೀಟರ್ ವೇಗದ ಗೋಲಿ 80 ಸೆಂ.ಮೀ. ಎತ್ತರದಿಂದ 45 ಡಿಗ್ರಿಗೆ ಹಾರಿದರೆ 2.22 ಮೀಟರ್ ದೂರ ಬೀಳುತ್ತೆ. ಆ ಸೂತ್ರಕ್ಕೆ ಹಾಕಿ ನೋಡಿ, ವೇಗ 4.66 ಅನ್ನುತ್ತೆ. ಕೊನೆಯ 80 ಸೆಂ.ಮೀ. ಇಳಿಯುವಾಗ ಸಿಕ್ಕ ಹೆಚ್ಚುವರಿ ದೂರವನ್ನೂ ಸೂತ್ರ ವೇಗದ ಲೆಕ್ಕಕ್ಕೇ ಬರೆದುಕೊಳ್ಳುತ್ತೆ. ಉತ್ತರ ನಂಬೋ ಹಾಗೇ ಇರೋದರಿಂದ ಯಾರಿಗೂ ಅನುಮಾನ ಬರಲ್ಲ.

ಗನ್ನನ್ನು ಅಡ್ಡಲಾಗಿ ಮಲಗಿಸಿ, ರಸಮಟ್ಟ ಇಟ್ಟು ನೋಡಿ. ಮೂತಿ 2 ಡಿಗ್ರಿ ಮೇಲೆದ್ದರೂ ವೇಗ ಸುಮಾರು ಶೇ. 3.5 ಜಾಸ್ತಿ ಬರುತ್ತೆ. ಮೂತಿಯಿಂದ ತೂಗುಗುಂಡು ಬಿಟ್ಟು ನೆಲದಲ್ಲಿ ಗುರುತು ಹಾಕಿ. ದೂರ ಅಳೆಯೋದು ಅಲ್ಲಿಂದ, ಮೇಜಿನ ಅಂಚಿಂದ ಅಲ್ಲ. ಗೋಲಿ ಬೀಳೋ ಕಡೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಪೇಪರ್ ಹಾಸಿ. ಗಾಜಿನ ಗೋಲಿಗಿಂತ ಬೇರಿಂಗಿನ ಗುಂಡು ಚೆನ್ನಾಗಿ ಗುರುತು ಬಿಡುತ್ತೆ. ಎತ್ತರ ಅಂದರೆ ಮೂತಿಯಲ್ಲಿರೋ ಗುಂಡಿನ ತಳದಿಂದ ನೆಲಕ್ಕೆ. ನಮ್ಮ ಕಡೆ ಮಳೆನೀರು ಹರಿದುಹೋಗಲಿ ಅಂತ ಅಂಗಳಕ್ಕೆ ಇಳಿಜಾರು ಕೊಟ್ಟಿರ್ತಾರೆ, ಹಾಗಾಗಿ ಒಳಗಿನ ಸಮನೆಲದಲ್ಲೇ ಮಾಡಿ. ಹತ್ತು ಸಲ ಹಾರಿಸಿ ಸರಾಸರಿ ತಗೊಳ್ಳಿ.

ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬೀಳೋ ಸಮಯ ಸಿಗುತ್ತೆ. ದೂರವನ್ನು ಅದರಿಂದ ಭಾಗಿಸಿದರೆ ವೇಗ. 0.80 ಮೀಟರಿಗೆ 0.404 ಸೆಕೆಂಡ್, 1.62 ಮೀಟರ್ ದೂರ ಬಿದ್ದಿದ್ದರೆ ಸೆಕೆಂಡಿಗೆ 4.01 ಮೀಟರ್.

ಪ್ರಾಜೆಕ್ಟಿಗೆ ಇನ್ನೂ ಏನಾದರೂ ಬೇಕಂದರೆ ಅಡಿಕೆ ತೋಟದ ಪಂಪ್ ಹತ್ತಿರ ಹೋಗಿ, ನೀರಿಗೂ ಇದೇ ಲೆಕ್ಕ. ಪೈಪಿನ ಬಾಯಿ ಮಟ್ಟವಾಗಿರಬೇಕು, ನೀರು ಬಾಯಿ ತುಂಬ ಬರ್ತಿರಬೇಕು. ಪೈಪಿನ ಒಳಗಿನ ಮೇಲಂಚಿನಿಂದ ನೀರಿನ ಮೇಲ್ಮೈ 30 ಸೆಂ.ಮೀ. ಇಳಿಯೋ ಹೊತ್ತಿಗೆ 60 ಸೆಂ.ಮೀ. ಮುಂದೆ ಹೋಗಿದ್ದರೆ ವೇಗ ಸೆಕೆಂಡಿಗೆ 2.4 ಮೀಟರ್. ಪೈಪಿನ ಒಳವ್ಯಾಸ 5 ಸೆಂ.ಮೀ. ಇದ್ದರೆ ಪಂಪ್ ಸೆಕೆಂಡಿಗೆ ಸುಮಾರು 4.8 ಲೀಟರ್ ಎತ್ತುತ್ತಿದೆ.