ಅಪ್ಪನನ್ನು ಓಡಿಸಿದವರು ಮಗನನ್ನು ಆರಿಸಿದ್ದು ಹೇಗೆ?

1986ರಲ್ಲಿ ಸರ್ವಾಧಿಕಾರಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್‌ನನ್ನು ಓಡಿಸಿದ ಫಿಲಿಪ್ಪೀನ್ಸ್ ಜನ 2022ರಲ್ಲಿ ಅವನ ಮಗನನ್ನೇ ಅಧ್ಯಕ್ಷರನ್ನಾಗಿ ಆರಿಸಿದರಲ್ಲ, ಹಾಗಾದರೆ ನಡುವೆ ಆದ ಸುಧಾರಣೆಯೆಲ್ಲ ಸುಳ್ಳಾ ಅಂತ ಕೇಳಿದ್ದೀರಿ.

ಸುಳ್ಳಲ್ಲ, ಅರ್ಧಕ್ಕೆ ನಿಂತುಹೋಯಿತು. ಆ ದೇಶದ ರಾಜಕೀಯವನ್ನು ಬಹಳ ದಿನದಿಂದ ಓದುತ್ತಾ ಬಂದ ನನಗೆ ಹಾಗನ್ನಿಸಿದೆ.

ಮೊದಲು ಜನ ಮಾಡಿದ ಕೆಲಸವನ್ನು ನೋಡಿ. ಆ ಫೆಬ್ರವರಿಯ ಚುನಾವಣೆಯಲ್ಲಿ ಮತ ಎಣಿಕೆಗೆ ಕೂತಿದ್ದ ಕಂಪ್ಯೂಟರ್ ಸಿಬ್ಬಂದಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತಾವು ತುಂಬಿದ ಅಂಕಿಯೇ ಬೇರೆ, ಬೋರ್ಡಿನ ಮೇಲೆ ಬರುತ್ತಿದ್ದ ಅಂಕಿಯೇ ಬೇರೆ. 30ಕ್ಕೂ ಹೆಚ್ಚು ಮಂದಿ ಎದ್ದು ಹೊರಗೆ ನಡೆದುಬಿಟ್ಟರು. ಸಂಬಳಕ್ಕೆ ದುಡಿಯುವವರು ಅವರು, ಹಿಂದೆ ಯಾವ ಪಕ್ಷದ ಬಲವೂ ಇರಲಿಲ್ಲ. ಆ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಎರಡು ವಾರಕ್ಕೆ ಮನಿಲಾದ ಎಡ್ಸಾ ರಸ್ತೆಯಲ್ಲಿ ಲಕ್ಷಾಂತರ ಜನ ಸೈನ್ಯದ ಟ್ಯಾಂಕುಗಳಿಗೆ ಅಡ್ಡ ನಿಂತರು. ಫೆಬ್ರವರಿ 25ಕ್ಕೆ ಮಾರ್ಕೋಸ್ ದೇಶ ಬಿಟ್ಟ. ಚುನಾವಣೆಯಲ್ಲಿ ಅವನ ಎದುರು ನಿಂತಿದ್ದ ಕೋರಿ ಅಕಿನೋ ಅಧ್ಯಕ್ಷೆಯಾದರು.

1987ರ ಹೊಸ ಸಂವಿಧಾನ ಬರೆದವರು ಹಳೆಯ ಗಾಯವನ್ನು ಮರೆತಿರಲಿಲ್ಲ. ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. 1972ರಲ್ಲಿ ಮಾರ್ಕೋಸ್ ಹೇರಿದಂಥ ಮಿಲಿಟರಿ ಕಾನೂನು ತಂದರೂ, ಸಂಸತ್ತು ಮುಂದುವರಿಸದಿದ್ದರೆ 60 ದಿನ ಮಾತ್ರ. ಸಂಸತ್ತು ಅದನ್ನು ರದ್ದು ಮಾಡಬಹುದು. ಸಾಮಾನ್ಯ ನಾಗರಿಕ ಕೂಡ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ಪ್ರಶ್ನಿಸಬಹುದು. ಒಬ್ಬನೇ ಮನುಷ್ಯ ಇಪ್ಪತ್ತು ವರ್ಷ ಕುರ್ಚಿ ಬಿಡದೆ ಕೂರುವುದಕ್ಕೆ ಬಾಗಿಲು ಮುಚ್ಚಿತು.

ಆದರೆ ಮನೆತನಗಳಿಗೆ ಬಾಗಿಲು ತೆರೆದೇ ಇತ್ತು. ಅದೇ ಸಂವಿಧಾನದ ಎರಡನೇ ವಿಧಿಯ 26ನೇ ಸೆಕ್ಷನ್ ವಂಶಾಡಳಿತ ಕೂಡದು ಅನ್ನುತ್ತದೆ. ಜೊತೆಗೇ, ವಂಶಾಡಳಿತ ಅಂದರೆ ಏನು ಅನ್ನುವುದನ್ನು ಕಾನೂನು ಹೇಳಲಿ ಅನ್ನುತ್ತದೆ. ಆ ಕಾನೂನು ಮಾಡಬೇಕಾದವರು ಯಾರು? ಸಂಸತ್ತಿನವರು. ಅಲ್ಲಿ ತುಂಬಿಕೊಂಡಿದ್ದವರು ಯಾರು? ಅದೇ ದೊಡ್ಡ ಮನೆತನದವರು. 2022ರ ಚುನಾವಣೆ ಬಂದಾಗಲೂ ಆ ಕಾನೂನು ಆಗಿರಲಿಲ್ಲ.

ಇದರ ಬೇರು ಜಮೀನಿನಲ್ಲಿದೆ, ಅಲ್ವಾ? ಊರಿನ ಗದ್ದೆ ಯಾರದೋ ಓಟೂ ಅವರದೇ. 1987ರ ಜನವರಿಯಲ್ಲಿ ಭೂಮಿ ಕೇಳಲು ಮನಿಲಾಕ್ಕೆ ಬಂದ ರೈತರ ಮೇಲೆ ಮೆಂಡಿಯೋಲಾ ರಸ್ತೆಯಲ್ಲಿ ಗುಂಡು ಹಾರಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಿನ ವರ್ಷ ಭೂಸುಧಾರಣೆ ಕಾಯ್ದೆ ಬಂತು. ಆದರೆ ಜಮೀನಿನ ಬದಲು ಕಂಪನಿಯ ಷೇರು ಕೊಟ್ಟರೂ ಸಾಕು ಅಂತ ಅದರಲ್ಲೊಂದು ಸಂದು ಇತ್ತು. ಕೋರಿಯವರ ತವರು ಮನೆಯ ಕಬ್ಬಿನ ಎಸ್ಟೇಟು ಹಸಿಯೆಂಡಾ ಲುಯಿಸಿಟಾ ಅದೇ ದಾರಿ ಹಿಡಿಯಿತು. ಆ ಜಮೀನನ್ನು ರೈತರಿಗೆ ಹಂಚಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ. ಕೋರಿಯವರ ಬಗ್ಗೆ ನನಗೆ ಗೌರವ ಜಾಸ್ತಿ. ಈ ವಿಷಯದಲ್ಲಿ ಮಾತ್ರ ಅವರನ್ನು ಸಮರ್ಥಿಸೋಕೆ ನನಗೆ ಆಗುವುದಿಲ್ಲ.

ಹೀಗಾಗಿ ಮಾರ್ಕೋಸ್ ಮನೆತನಕ್ಕೆ ವಾಪಸು ಬರುವುದು ಕಷ್ಟವಾಗಲಿಲ್ಲ. 1991ರಲ್ಲಿ ಮಾರ್ಕೋಸ್ ಹೆಂಡತಿ ಇಮೆಲ್ಡಾ ದೇಶಕ್ಕೆ ಮರಳಿದರು. ಮರುವರ್ಷವೇ ಮಗ ಸ್ವಂತ ಸೀಮೆ ಇಲೋಕೋಸ್ ನೋರ್ಟೆಯಿಂದ ಸಂಸತ್ತಿಗೆ ಗೆದ್ದರು. 2022ರಲ್ಲಿ ಅವರಿಗೆ ಬಿದ್ದದ್ದು 3 ಕೋಟಿಗೂ ಹೆಚ್ಚು ಓಟು.

ಹಾಗಂತ ಜನ ಎಲ್ಲ ಮರೆತರು ಅನ್ನಬೇಡಿ. 2013ರ ಕಾನೂನಿನಂತೆ ಮಾರ್ಕೋಸ್ ಕಾಲದಲ್ಲಿ ಹಿಂಸೆ ಅನುಭವಿಸಿದ 11,103 ಮಂದಿಯನ್ನು ಸರ್ಕಾರವೇ ಗುರುತಿಸಿ ಪರಿಹಾರ ಕೊಟ್ಟಿತು. ಆ ದುಡ್ಡು ಬಂದದ್ದು ಮಾರ್ಕೋಸ್ ಸ್ವಿಸ್ ಬ್ಯಾಂಕಿನಲ್ಲಿ ಬಚ್ಚಿಟ್ಟಿದ್ದ ಗಂಟಿನಿಂದ.