ಬೀಗ ತೆರೆಯುವ ಹುಚ್ಚಿದ್ದವರು ಬೀಗದ ಕಸುಬಿಗೆ ಬರಬೇಕೇ?

ಕಚೇರಿಯ ಕೆಲಸ ಸಾಕಾಗಿದೆ, ರಾತ್ರಿ ಕುಳಿತು ಹಳೆಯ ಬೀಗಗಳನ್ನು ಕೀಲಿಯಿಲ್ಲದೆ ತೆರೆಯುವುದರಲ್ಲೇ ಸಂತೋಷವಿದೆ, ಜನ ಈ ಕಸುಬಿಗೆ ಏಕೆ ಬರುತ್ತಾರೆ, ಬಂದವರಿಗೆ ತೃಪ್ತಿ ಇದೆಯೇ ಎಂದು ಕೇಳಿದ್ದೀರಿ. ನಾನು ಬಂದದ್ದು ಇದೇ ಸಂತೋಷವನ್ನು ನಂಬಿಕೊಂಡು. ನಂಬಬಾರದಿತ್ತು.

ನನ್ನ ತಲೆ ಕೆಡಿಸಿದವನು ಆಲ್ಫ್ರೆಡ್ ಹಾಬ್ಸ್. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಅದನ್ನು ತೆರೆಯಬಲ್ಲ ಸಾಧನ ಮಾಡಿದವರಿಗೆ 200 ಗಿನಿ ಕೊಡುವುದಾಗಿ ಸವಾಲು ಹಾಕಿತ್ತು. ದಶಕಗಟ್ಟಲೆ ಅದು ಯಾರಿಗೂ ಬಗ್ಗಿರಲಿಲ್ಲ. 1851ರ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಹಾಬ್ಸ್, ಮೊದಲು ಚಬ್ ಕಂಪನಿಯ ಹೆಸರಾಂತ ಡಿಟೆಕ್ಟರ್ ಬೀಗವನ್ನು (ಯಾರಾದರೂ ಕೀಲಿಯಿಲ್ಲದೆ ತೆರೆಯಲು ಹೋದರೆ ಸುಳಿವು ಕೊಡುವಂಥದ್ದು) ಅರ್ಧ ಗಂಟೆಯೊಳಗೆ ತೆರೆದ. ಆಮೇಲೆ 16 ದಿನಗಳಲ್ಲಿ ಒಟ್ಟು 51 ಗಂಟೆ ಕುಳಿತು ಬ್ರಾಮಾ ಬೀಗವನ್ನೂ ಮಣಿಸಿದ. ಈ ಕಥೆ ಓದಿದ ಮೇಲೆ ನನಗೆ ಬೇರೆ ಉದ್ಯೋಗವೇ ಕಾಣಲಿಲ್ಲ. ಅದರ ಮುಂದಿನ ಸಾಲು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ: ಅಷ್ಟೆಲ್ಲ ಸಾಹಸ ಮಾಡಿದ ಹಾಬ್ಸ್ ಕೊನೆಗೆ ಲಂಡನ್ನಿನಲ್ಲೇ ಬೀಗ ತಯಾರಿಸುವ ಕಂಪನಿ ಕಟ್ಟಿದ.

ಬೇರೆಯವರು ಬರುವ ಕಾರಣಗಳು ಇಷ್ಟು ರೋಚಕವಾಗಿಲ್ಲ. ಅಪ್ಪನದೋ ಮಾವನದೋ ಕಸುಬು ಇರುತ್ತದೆ. ಕೆಲವರು ಮರಗೆಲಸ, ಲೋಹದ ಕೆಲಸ ಮಾಡುತ್ತಿದ್ದವರು, ಬಾಗಿಲಿನಿಂದ ಬೀಗಕ್ಕೆ ಜಾರಿದವರು. ಯಾರ ಕೈಕೆಳಗೂ ಇರಲು ಒಲ್ಲದವರೂ ಇದ್ದಾರೆ. ನಾನು ನೋಡಿದ ಮಟ್ಟಿಗೆ ಇವರೆಲ್ಲ ನಮ್ಮಂಥ ಹುಚ್ಚಿನವರಿಗಿಂತ ಚೆನ್ನಾಗಿ ನೆಲೆ ನಿಂತಿದ್ದಾರೆ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನಗಳಲ್ಲಿ ಬೀಗ ತೆರೆಯುವ ಸಲಾಕೆಯನ್ನು ಕೈಗೇ ಕೊಡಲಿಲ್ಲ. ಅರ ಹಿಡಿಸಿ ಕೀಲಿ ಉಜ್ಜಿಸಿದರು, ಹಳೆಯ ಬೀಗಗಳಿಂದ ಜಿಡ್ಡು ತೆಗೆಸಿದರು. (ಬೀಗಕ್ಕೆ ಅಡುಗೆ ಎಣ್ಣೆ ಬಿಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಎಣ್ಣೆಗೆ ಧೂಳು ಅಂಟಿ ಗಟ್ಟಿಯಾಗುತ್ತದೆ. ಗ್ರಾಫೈಟ್ ಪುಡಿ ಸಾಕು.) ಯಾವ ಕೀಲಿಯ ಕಚ್ಚುಗಳು ಎಷ್ಟು ಆಳ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಸುತ್ತಿದ್ದರು. ಆ ಪುಸ್ತಕದ ಕೆಲಸವನ್ನು ನಾನು ಗುಮಾಸ್ತಗಿರಿ ಎಂದುಕೊಂಡಿದ್ದೆ.

ಸ್ವತಂತ್ರವಾಗಿ ಕೆಲಸ ಹಿಡಿದ ಹೊಸತರಲ್ಲಿ ಒಂದು ಬಾಡಿಗೆ ವಸತಿಗೃಹದ ಬೀಗಗಳೆಲ್ಲ ನನ್ನ ಪಾಲಿಗೆ ಬಂದವು. ಕೋಣೆಗೊಂದು ಕೀಲಿ, ಮಾಲೀಕರ ಬಳಿ ಎಲ್ಲವನ್ನೂ ತೆರೆಯುವ ಒಂದು ಮಾಸ್ಟರ್ ಕೀಲಿ. ನಾನು ಕೆಟ್ಟದ್ದು ಇಲ್ಲಿ. ಇದನ್ನು ಉದ್ದವಾಗಿಯೇ ಹೇಳುತ್ತೇನೆ. ಬೇಸರವಾದರೆ ಎರಡು ಪ್ಯಾರಾ ದಾಟಿಕೊಳ್ಳಿ. ದಾಟಿಕೊಳ್ಳುವ ಮನಸ್ಸಾದರೆ ಈ ಕಸುಬು ನಿಮಗಲ್ಲ ಎಂಬುದೂ ತಿಳಿದಂತಾಗುತ್ತದೆ.

1860ರ ದಶಕದಲ್ಲಿ ಲೈನಸ್ ಯೇಲ್ ಜೂನಿಯರ್ ರೂಪಿಸಿದ ಪಿನ್ ಬೀಗವೇ ಇಂದಿಗೂ ಬಹಳಷ್ಟು ಬಾಗಿಲುಗಳಲ್ಲಿ ಇರುವುದು. ಅದರೊಳಗೆ ಐದು ತೂತುಗಳಿವೆ ಎಂದುಕೊಳ್ಳಿ. ಒಂದೊಂದರಲ್ಲೂ ಒಂದರ ಮೇಲೊಂದು ಎರಡು ಪಿನ್, ಅವುಗಳ ಮೇಲೆ ಸ್ಪ್ರಿಂಗ್. ಸರಿಯಾದ ಕೀಲಿ ಹಾಕಿದಾಗ ಐದೂ ಜೋಡಿ ಪಿನ್ನುಗಳ ನಡುವಿನ ಸಂದು ಒಳಗಿನ ಸಿಲಿಂಡರಿನ ಅಂಚಿಗೆ ಸಮನಾಗಿ ನಿಲ್ಲುತ್ತದೆ, ಸಿಲಿಂಡರು ತಿರುಗುತ್ತದೆ. ಅದೇ ಬೀಗವನ್ನು ಇನ್ನೊಂದು ಕೀಲಿಯೂ ತೆರೆಯಬೇಕಾದರೆ ಎರಡು ಪಿನ್ನುಗಳ ನಡುವೆ ಒಂದು ತೆಳುವಾದ ಬಿಲ್ಲೆ ಇಡಬೇಕು. ಆಗ ಆ ತೂತಿನಲ್ಲಿ ಎರಡು ಸಂದುಗಳಾಗುತ್ತವೆ, ಒಂದು ಬಾಡಿಗೆದಾರರ ಕೀಲಿಗೆ, ಇನ್ನೊಂದು ಮಾಸ್ಟರ್ ಕೀಲಿಗೆ. ಆದರೆ ಯಾವ ಸಂದು ಯಾರದು ಎಂಬುದು ಬೀಗಕ್ಕೆ ಗೊತ್ತಿಲ್ಲ. ಒಂದು ತೂತಿನಲ್ಲಿ ಇವರ ಸಂದು, ಪಕ್ಕದ ತೂತಿನಲ್ಲಿ ಅವರ ಸಂದು ಹೊಂದಿಕೆಯಾದರೂ ಅದು ತಿರುಗುತ್ತದೆ. ಐದೂ ತೂತುಗಳಲ್ಲಿ ಬಿಲ್ಲೆ ಇದ್ದರೆ ಆ ಬೀಗವನ್ನು ತೆರೆಯುವುದು ಎರಡು ಬಗೆಯ ಕೀಲಿಗಳಲ್ಲ, 32 ಬಗೆಯವು.

ಆದ್ದರಿಂದ ನಿಯಮ ಒಂದಿದೆ: ಯಾವುದೇ ಕೋಣೆಯ ಕೀಲಿಯ ಯಾವ ಕಚ್ಚೂ ಅದೇ ಜಾಗದ ಮಾಸ್ಟರ್ ಕಚ್ಚಿನಷ್ಟು ಆಳವಿರಬಾರದು. ನಾನು ಇದನ್ನು ಮುರಿದೆ. ಕಚ್ಚಿನ ಆಳ ಎರಡೂ ಕೀಲಿಗಳಲ್ಲಿ ಒಂದೇ ಆದರೆ ಆ ತೂತಿಗೆ ಬಿಲ್ಲೆಯೇ ಬೇಡ, ಕೆಲಸ ಕಡಿಮೆ, ಬೀಗ ನುಣುಪಾಗಿ ತಿರುಗುತ್ತದೆ ಎಂದು ಜಾಣತನ ತೋರಿಸಿದೆ. ಮಾಸ್ಟರ್ ಕೀಲಿಯ ಐದು ಕಚ್ಚುಗಳ ಆಳ ಕ್ರಮವಾಗಿ 5-3-4-2-6 ಎಂದಿಟ್ಟುಕೊಳ್ಳಿ. ಒಂದು ಕೋಣೆಯದು 3-5-2-6-4, ಇದರಲ್ಲಿ ತಪ್ಪಿಲ್ಲ. ಇನ್ನೊಂದು ಕೋಣೆಗೆ ನಾನು 3-3-2-2-4 ಕೊರೆದೆ. ಈಗ ಈ ಎರಡನೆಯ ಕೀಲಿಯನ್ನು ಮೊದಲ ಕೋಣೆಯ ಬೀಗದಲ್ಲಿ ಹಾಕಿ ನೋಡಿ: ಮೊದಲ, ಮೂರನೆಯ, ಐದನೆಯ ಕಚ್ಚುಗಳು ಆ ಕೋಣೆಯ ಕೀಲಿಗೆ ಹೊಂದುತ್ತವೆ, ಎರಡನೆಯದು ಮತ್ತು ನಾಲ್ಕನೆಯದು ಮಾಸ್ಟರಿಗೆ ಹೊಂದುತ್ತವೆ. ಬಾಗಿಲು ತೆರೆಯುತ್ತದೆ. ತಮಾಷೆಯೆಂದರೆ ಮೊದಲ ಕೋಣೆಯ ಕೀಲಿ ಎರಡನೆಯ ಕೋಣೆಯನ್ನು ತೆರೆಯುವುದಿಲ್ಲ. ಕೆಲಸ ಮುಗಿದ ದಿನ ಪ್ರತಿ ಕೀಲಿಯನ್ನು ಅದರದರ ಬೀಗದಲ್ಲಿ, ಮಾಸ್ಟರನ್ನು ಎಲ್ಲದರಲ್ಲೂ ಹಾಕಿ ಪರೀಕ್ಷಿಸಿದ್ದೆ. ಒಂದು ಕೋಣೆಯ ಕೀಲಿಯನ್ನು ಬೇರೆ ಕೋಣೆಗಳಲ್ಲಿ ಹಾಕಿ ನೋಡಲಿಲ್ಲ. ಎಲ್ಲ ಸುಸೂತ್ರವೆಂದು ಹಣ ಎಣಿಸಿಕೊಂಡು ಬಂದೆ.

ಕೆಲವು ತಿಂಗಳ ನಂತರ ಒಂದು ರಾತ್ರಿ, ನಿದ್ದೆಗಣ್ಣಿನಲ್ಲಿದ್ದ ಬಾಡಿಗೆದಾರರೊಬ್ಬರು ಮಹಡಿ ತಪ್ಪಿ, ತಮ್ಮದೇ ಕೋಣೆ ಎಂದುಕೊಂಡು ತಮ್ಮದೇ ಕೀಲಿಯಿಂದ ಬಾಗಿಲು ತೆರೆದರು. ಒಳಗೆ ಒಬ್ಬ ಮಹಿಳೆ ಮಲಗಿದ್ದರು. ಆತ ಅವರಿಗಿಂತ ಹೆಚ್ಚು ಬೆಚ್ಚಿ ಹೊರಗೋಡಿದರಂತೆ, ಅನಾಹುತವೇನೂ ಆಗಲಿಲ್ಲ. ಮರುದಿನ ನನ್ನನ್ನು ಕರೆಸಿದಾಗ ಆಕೆ ಕೂಗಾಡಲಿಲ್ಲ. “ನನ್ನ ಬಾಗಿಲನ್ನು ಇನ್ನೂ ಯಾರ್ಯಾರ ಕೀಲಿ ತೆರೆಯುತ್ತದೆ ಹೇಳಿ” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಚ್ಚುಗಳ ಪಟ್ಟಿಯನ್ನು ಯಾವುದೋ ರಟ್ಟಿನ ಚೂರಿನ ಮೇಲೆ ಗೀಚಿ, ಕೆಲಸ ಮುಗಿದ ಮೇಲೆ ಎಸೆದಿದ್ದೆ. ಪಟ್ಟಿ ಇದ್ದಿದ್ದರೆ ಕೂಡಿಸಿ ಕಳೆದು ಅಲ್ಲೇ ಹೇಳಬಹುದಿತ್ತು, ಕೆಟ್ಟ ಬೀಗಗಳನ್ನಷ್ಟೇ ಬದಲಿಸಬಹುದಿತ್ತು. ಪಟ್ಟಿ ಇಲ್ಲದ್ದರಿಂದ ಎಲ್ಲ ಬೀಗಗಳನ್ನೂ ಬಿಚ್ಚಿ ನನ್ನ ಖರ್ಚಿನಲ್ಲೇ ಹೊಸದಾಗಿ ಪಿನ್ ತುಂಬಬೇಕಾಯಿತು. ಅದೇ ಮಾಲೀಕರ ಬೇರೆ ಕಟ್ಟಡಗಳ ಕೆಲಸ ಇನ್ನೊಬ್ಬರಿಗೆ ಹೋಯಿತು. ಆ ಕೆಲಸವನ್ನೇ ನಂಬಿ ಕೀಲಿ ಕೊರೆಯುವ ಯಂತ್ರಕ್ಕೆ ಸಾಲ ಮಾಡಿದ್ದೆ.

ಮಾಸ್ಟರ್ ಕೀಲಿಯ ಈ ಸಡಿಲು ನನ್ನೊಬ್ಬನ ದಡ್ಡತನದಿಂದ ಹುಟ್ಟಿದ್ದಲ್ಲ. ನಿಯಮ ಪಾಲಿಸಿ ಮಾಡಿದ ವ್ಯವಸ್ಥೆಯಲ್ಲೂ ಅದು ಇದೆ. ಒಂದು ಕೋಣೆಯ ಕೀಲಿ, ಅದರ ಬೀಗ ಮತ್ತು ಕೊರೆಯದ ಕೆಲವು ಕೀಲಿಗಳಿದ್ದರೆ ಮಾಸ್ಟರ್ ಕೀಲಿಯನ್ನೇ ಕಂಡುಹಿಡಿಯಬಹುದು ಎಂದು ಅಮೆರಿಕದ ಭದ್ರತಾ ಸಂಶೋಧಕ ಮ್ಯಾಟ್ ಬ್ಲೇಝ್ 2003ರಲ್ಲಿ ಪ್ರಕಟಿಸಿದರು. ಕಸುಬಿನವರಲ್ಲಿ ಅನೇಕರು ಅವರ ಮೇಲೆ ಸಿಟ್ಟಾದರು, ಇದು ಗೊತ್ತಿರಲಿಲ್ಲವೆಂದಲ್ಲ, ಹೊರಗೆ ಹೇಳಿದರೆಂದು. ನನಗಂತೂ ಸಿಟ್ಟು ಬರಲಿಲ್ಲ. ಬಾಗಿಲಿನ ಒಳಗೆ ಮಲಗುವವರಿಗೆ ಇದು ಗೊತ್ತಿರಬೇಕು.

ಈಗ ನಿಮ್ಮ ತೃಪ್ತಿಯ ವಿಚಾರ. ನೀವು ಮೇಜಿನ ಮೇಲೆ ಅನುಭವಿಸುತ್ತಿರುವ ಖುಷಿ ಕಸುಬಿನಲ್ಲಿ ತೀರಾ ಅಪರೂಪ. ಹೊರಗೆ ಸಿಕ್ಕಿಬಿದ್ದವರ ಬಾಗಿಲು ಎಷ್ಟೋ ಸಲ ಎಳೆದುಕೊಂಡಿರುತ್ತದೆ ಅಷ್ಟೇ, ಬೀಗವೇ ಬಿದ್ದಿರುವುದಿಲ್ಲ. ಚಿಲಕದ ನಾಲಿಗೆಯನ್ನು ಸರಿಸಿದರೆ ಮುಗಿಯಿತು. ಅಗ್ಗದ ಬೀಗ ಕೈಕೊಟ್ಟರೆ ಡ್ರಿಲ್ ಹಾಕಿ ಹೊಸದನ್ನು ಕೂರಿಸುವುದೇ ಗಿರಾಕಿಗೆ ಲಾಭ. ಇನ್ನು ಕಾರುಗಳ ಕೀಲಿಯಲ್ಲಿ ಚಿಪ್ ಬಂದ ಮೇಲೆ ಲೋಹ ಕೊರೆಯುವುದು ಅರ್ಧ ಕೆಲಸ, ಕೀಲಿಯನ್ನು ಗಾಡಿಯ ಗಣಕಕ್ಕೆ ಪರಿಚಯ ಮಾಡಿಸುವುದು ಇನ್ನರ್ಧ. ಆ ಉಪಕರಣಗಳ ಬೆಲೆ ಕೇಳಿಯೇ ನಾನು ಕಾರಿನ ಕಡೆ ಹೋಗಲಿಲ್ಲ. ಕೈ ಪಳಗಿದಷ್ಟೂ ಗಿರಾಕಿ ಗೊಣಗುತ್ತಾರೆ: ಎರಡು ನಿಮಿಷದ ಕೆಲಸಕ್ಕೆ ಇಷ್ಟೊಂದು ದುಡ್ಡೇ? ಬೆವರು ಸುರಿಸಿ ತಡವರಿಸುವ ಹೊಸಬನಿಗೆ ಅವರೇ ನೀರು ಕೊಟ್ಟು, ಕೇಳಿದಷ್ಟು ಕೊಟ್ಟು ಕಳಿಸುತ್ತಾರೆ. ಇದಕ್ಕೆ ಮದ್ದಿಲ್ಲ. ಮನೆ ತಮ್ಮದೇ ಎಂದು ಹೇಳುವವರ ಬಳಿ ದಾಖಲೆ ಕೇಳಿದರೆ ಬೈಗುಳ, ಕೇಳದಿದ್ದರೆ ಪೊಲೀಸ್ ಠಾಣೆ. ನಾನು ಬೈಗುಳವನ್ನೇ ಆರಿಸಿಕೊಂಡಿದ್ದೇನೆ.

ಆದರೂ ಬಿಟ್ಟು ಹೋಗಿಲ್ಲ. ಆ ವಸತಿಗೃಹದ ಬೀಗಗಳಿಗೆ ಎರಡನೆಯ ಸಲ ಪಿನ್ ತುಂಬುವಾಗ ಮೊದಲು ಪಟ್ಟಿ ಬರೆದೆ, ಪ್ರತಿ ಕೀಲಿಯನ್ನೂ ಪ್ರತಿ ಬೀಗಕ್ಕೆ ಹೋಲಿಸಿ ಗುರುತು ಹಾಕಿದೆ, ಆಮೇಲೆ ಅರ ಮುಟ್ಟಿದೆ. ಯಾವ ಕೀಲಿಯೂ ಬೇರೆಯವರ ಬಾಗಿಲಲ್ಲಿ ತಿರುಗಲಿಲ್ಲ. ಬೀಗ ತೆರೆದಾಗ ಎಂದೂ ಸಿಗದಿದ್ದ ಒಂದು ನೆಮ್ಮದಿ, ಅವು ತೆರೆಯದೇ ಉಳಿದಾಗ ಸಿಕ್ಕಿತು. ನನ್ನ ಹೊಟ್ಟೆ ಈಗ ತುಂಬುವುದೂ ಇಂಥ ಕಟ್ಟಡಗಳ ನಿರ್ವಹಣೆಯಿಂದಲೇ, ರಾತ್ರಿಯ ಕರೆಗಳಿಂದಲ್ಲ.

ಆದ್ದರಿಂದ ರಾಜೀನಾಮೆ ಕೊಡುವ ಮುಂಚೆ ಒಂದು ಕೆಲಸ ಮಾಡಿ. ತೆರೆಯುವ ಸಲಾಕೆಗಳನ್ನು ಪೆಟ್ಟಿಗೆಯಲ್ಲಿಡಿ. ಕಾಗದದ ಮೇಲೆ ಒಂದು ಮಾಸ್ಟರ್ ಕೀಲಿ, ಇಪ್ಪತ್ತು ಕೋಣೆಗಳ ಪಟ್ಟಿ ಬರೆದು, ಯಾರ ಕೀಲಿಯೂ ಇನ್ನೊಬ್ಬರದನ್ನು ತೆರೆಯದಂತೆ ಹೊಂದಿಸಿ. ಅದು ಮಜಾ ಅನ್ನಿಸಿದರೆ ಬನ್ನಿ. ತೂಕಡಿಕೆ ಬಂದರೆ ಬೀಗ ತೆರೆಯುವುದನ್ನು ಹವ್ಯಾಸವಾಗಿಯೇ ಉಳಿಸಿಕೊಳ್ಳಿ, ಸಂಬಳವೂ ಉಳಿಯುತ್ತದೆ, ಸಂತೋಷವೂ ಉಳಿಯುತ್ತದೆ. ನಿಮ್ಮಲ್ಲಿ ಪರವಾನಗಿ ಬೇಕೇ ಎಂದು ವಿಚಾರಿಸಿಕೊಳ್ಳಿ, ಕೆಲವು ದೇಶಗಳಲ್ಲಿ ಅದು ಕಡ್ಡಾಯ.

ಕಲಿಯಲು ಯಾರ ಬಳಿಯಾದರೂ ಹೋದರೆ, ಗಿರಾಕಿಗಳ ಕೀಲಿಯ ವಿವರ ಬರೆದಿಡುವ ಪುಸ್ತಕ ತೋರಿಸುತ್ತೀರಾ ಎಂದು ಕೇಳಿ. ಅಂಥ ಪುಸ್ತಕವೇ ಇಲ್ಲ ಎಂದರೆ ಬೇರೆ ಮೇಸ್ತ್ರಿಯನ್ನು ಹುಡುಕಿ. ಕೇಳಿದ ತಕ್ಷಣ ತೆರೆದು ತೋರಿಸಿದರೂ ಬೇರೆಯವರನ್ನೇ ಹುಡುಕಿ.