ಅಣ್ಣನಿಗೆ ಸ್ಕಿಜೋಫ್ರೇನಿಯಾ ಗುಳಿಗೆಯಿಂದ ತೊಂದರೆ ಆಗ್ತಿದೆ, ನಿಲ್ಲಿಸಬಹುದಾ?

ಗುಳಿಗೆ ಶುರುವಾದ ಮೇಲೆ ಅಣ್ಣ ಕೂತಲ್ಲಿ ಕೂರುತ್ತಿಲ್ಲ ಅಂತ ಬರೆದಿದ್ದೀರಿ. ಅದನ್ನು ಓದಿದ ಕೂಡಲೇ ನನ್ನ ತಮ್ಮ ಕಣ್ಮುಂದೆ ಬಂದ. ನಮ್ಮದು ಬಾಗಲಕೋಟೆ. ಅವನಿಗೆ ಇದೇ ರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಅನ್ನೋ ಗುಳಿಗೆ ಕೊಟ್ಟಿದ್ದರು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಕಡಿಮೆಯಾದವು. ಆದರೆ ಊಟಕ್ಕೆ ಕೂತರೆ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ, ನಿಲ್ಲು ಅಂದರೆ ನಿಂತಲ್ಲೇ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದ. ರಾತ್ರಿಯೆಲ್ಲ ಅದೇ.

ನಾವು ಅದನ್ನು ರೋಗ ಅಂದುಕೊಂಡೆವು. ಎಲ್ಲ ಕೆಟ್ಟಿದ್ದು ಅಲ್ಲೇ. ಡಾಕ್ಟರ್ ಹತ್ತಿರ ಹೋಗಿ "ಜಾಸ್ತಿ ಆಗೇದ್ರಿ, ರಾತ್ರಿಯೆಲ್ಲ ಅಡ್ಡಾಡ್ತಾನ" ಅಂದೆ. ಏನು ಜಾಸ್ತಿ ಅಂತ ಹೇಳಲಿಲ್ಲ. ದನಿಗಳು ಕಡಿಮೆಯಾಗಿವೆ ಅನ್ನಲಿಲ್ಲ, ಈ ಅಡ್ಡಾಟ ಗುಳಿಗೆ ಶುರುವಾದ ಮೇಲೇ ಬಂದದ್ದು ಅಂತಲೂ ಅನ್ನಲಿಲ್ಲ. ತಮ್ಮ ಪಕ್ಕದಲ್ಲೇ ಇದ್ದ, ಅವನಿಗೆ ಬಾಯಿ ತೆಗೆಯಲು ಬಿಡಲಿಲ್ಲ. ಅವರು ಡೋಸ್ ಏರಿಸಿದರು, ಅಡ್ಡಾಟವೂ ಏರಿತು. ಕೊನೆಗೆ ಅವನು ಗುಳಿಗೆ ಉಗುಳತೊಡಗಿದ. ದನಿಗಳು ಮತ್ತೆ ಬಂದವು, ಡಿಪ್ಲೊಮಾ ಅರ್ಧಕ್ಕೇ ನಿಂತಿತು.

ಆಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಅಲ್ಲಿನ ಡಾಕ್ಟರ್ ಅವನನ್ನೇ ಕೇಳಿದರು: "ಯಾರಾದ್ರೂ ಅಡ್ಡಾಡು ಅಂತಾರೇನಪ್ಪಾ, ಇಲ್ಲಾ ಕಾಲೇ ಕೂಡಾಕ ಬಿಡವಲ್ಲವೇನು?" "ಕಾಲೇ ಬಿಡವಲ್ಲವ್ರೀ" ಅಂದ. ಕೂರಲು ಬಿಡದ ಈ ಚಡಪಡಿಕೆಗೆ ಅಕಾಥಿಸಿಯಾ ಅಂತಾರೆ, ಇಂಥ ಔಷಧಿಗಳಿಂದಲೇ ಬರುತ್ತೆ. ಡೋಸ್ ಇಳಿಸಿ, ಚಡಪಡಿಕೆ ತಗ್ಗಿಸಲು ಪ್ರೊಪ್ರನೊಲಾಲ್ ಗುಳಿಗೆ ಸೇರಿಸಿದರು, ನಿಧಾನಕ್ಕೆ ಹ್ಯಾಲೊಪೆರಿಡಾಲ್ ಬಿಡಿಸಿ ಇದೇ ರೋಗದ ಇನ್ನೊಂದು ಔಷಧಿ ಒಲಾಂಜಪೈನ್‌ಗೆ ಬದಲಿಸಿದರು. ಅದರಿಂದ ಹಸಿವು, ತೂಕ ಏರುತ್ತೆ, ಸಕ್ಕರೆ ಕಾಯಿಲೆಯೂ ಬರಬಹುದು. ಅದಕ್ಕೇ ತೂಕ ನೋಡ್ತಾ ಇರ್ತೀವಿ, ಆಗಾಗ ರಕ್ತ ಪರೀಕ್ಷೆ ಮಾಡಿಸ್ತೀವಿ. ಈಗ ಅವನು ಕೂತು ಉಣ್ಣುತ್ತಾನೆ.

ನಿಲ್ಲಿಸಬೇಕಾ ಬೇಡವಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ, ಯಾವ ತೊಂದರೆ ಯಾವಾಗಿಂದ ಅಂತ ಕೇಳಿ. ಡೋಸ್ ಇಳಿಸೋದಿದೆ, ಔಷಧಿ ಬದಲಿಸೋದಿದೆ, ತೊಂದರೆಗೇ ಬೇರೆ ಗುಳಿಗೆ ಕೊಡೋದಿದೆ. ಮನೆಯವರೇ ದಿಢೀರ್ ನಿಲ್ಲಿಸಿದರೆ ರೋಗ ಮರುಕಳಿಸುವ ಅಪಾಯ ಜಾಸ್ತಿ. ಹಾಗಂತ ಸಹಿಸಿಕೋ ಅನ್ನೋದೂ ತಪ್ಪು, ಈ ಚಡಪಡಿಕೆ ತಾಳಲಾರದೆ ಸಾಯುವ ಯೋಚನೆ ಬಂದವರಿದ್ದಾರೆ. ಅಣ್ಣ ಅಂಥ ಮಾತಾಡಿದರೆ, ಕತ್ತು ಒಂದೇ ಕಡೆ ಎಳೆದುಕೊಂಡರೆ, ಜ್ವರದ ಜೊತೆ ಮೈ ಕಟ್ಟಿಗೆಯಂತೆ ಬಿಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತಾಡಿ ಕೇಳಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ.

ಮುಂದಿನ ಭೇಟಿಗೆ ಕಾಯಬೇಡಿ, ನಾಳೆಯೇ ಹೋಗಿ. ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ, ಡಾಕ್ಟರ್ ಮುಂದೆ ಮೊದಲು ಅಣ್ಣ ಮಾತಾಡಲಿ.